ಹತ್ತು ಸಾವಿರ ಮತ, ನೂರನಲವತ್ತೈದು ಡಾಲರು

ಚುನಾವಣೆಗೆ ನಿಂತವರು ತಮ್ಮ ಖರ್ಚಿನ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ನಿಯಮ ಅನೇಕ ದೇಶಗಳಲ್ಲಿ ಉಂಟು. ಆ ಲೆಕ್ಕಗಳನ್ನು ಆಸಕ್ತಿಯಿಂದ ಓದುವವರು ವಿರಳ. ಆದರೆ 1982ರಲ್ಲಿ ಅಮೆರಿಕೆಯ ವಿಸ್ಕಾನ್ಸಿನ್ ರಾಜ್ಯದಿಂದ ಸೆನೆಟ್ ಸಭೆಗೆ ಪುನರಾಯ್ಕೆಗೊಂಡ ವಿಲಿಯಂ ಪ್ರಾಕ್ಸ್‌ಮೈರ್ ಅವರ ಲೆಕ್ಕವನ್ನು ಓದಿದವರು ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಬೇಕಾಯಿತು. ಒಟ್ಟು ವೆಚ್ಚ 145 ಡಾಲರು 10 ಸೆಂಟು! ಅಂದಿನ ವಿನಿಮಯದ ದರದಂತೆ ಸುಮಾರು 1,400 ರೂಪಾಯಿ. ಅದೇ ವರ್ಷ ಸೆನೆಟ್ಟಿಗೆ ಗೆದ್ದುಬಂದ ಅಭ್ಯರ್ಥಿಗಳು ಸರಾಸರಿಯಲ್ಲಿ ಇಪ್ಪತ್ತು ಲಕ್ಷ ಡಾಲರಿನಷ್ಟು ವ್ಯಯಿಸಿದ್ದರು. ಪ್ರಾಕ್ಸ್‌ಮೈರ್ ಅವರಿಗೆ ದೊರೆತ ಮತಗಳಾದರೋ ಶೇಕಡ ಅರವತ್ತಮೂರಕ್ಕೂ ಹೆಚ್ಚು.

ಇದೇ ಮಹನೀಯರ ಹೆಸರಿನಲ್ಲಿ ಮತ್ತೊಂದು ಸಂಖ್ಯೆಯೂ ದಾಖಲಾಗಿದೆ. 1966ರ ಏಪ್ರಿಲಿನಿಂದ 1988ರ ಅಕ್ಟೋಬರಿನವರೆಗೆ ಸೆನೆಟ್ಟಿನಲ್ಲಿ ಹೆಸರು ಕೂಗಿ ಮತ ಕೇಳಿದಾಗಲೆಲ್ಲ ಅವರು ಉತ್ತರ ಕೊಟ್ಟರು, ಒಂದನ್ನೂ ತಪ್ಪಿಸಲಿಲ್ಲ. ಹಾಗೆ ಎಡೆಬಿಡದೆ ಚಲಾಯಿಸಿದ ಮತಗಳ ಸಂಖ್ಯೆ 10,252.

ಒಂದು ಸಂಖ್ಯೆ ಬಹಳ ಚಿಕ್ಕದು, ಇನ್ನೊಂದು ಬಹಳ ದೊಡ್ಡದು. ಇವೆರಡಕ್ಕೂ ಇರುವ ನಂಟೇನು? ಜನಪ್ರತಿನಿಧಿಯೊಬ್ಬನು ಯಾರ ಹಂಗಿಗೂ ಒಳಗಾಗದೆ ಬಾಳುವುದು ಸಾಧ್ಯವೇ? ಸಾಧ್ಯವಾದರೆ ಅದಕ್ಕೆ ತೆರಬೇಕಾದ ಬೆಲೆ ಎಷ್ಟು? ಪ್ರಾಕ್ಸ್‌ಮೈರ್ ಅವರ ಮೂವತ್ತೊಂದು ವರ್ಷಗಳ ಸೆನೆಟ್ ಜೀವನವು ಈ ಪ್ರಶ್ನೆಗಳಿಗೆ ಒಂದು ಬಗೆಯ ಉತ್ತರವಾಗಿದೆ.

ಮೂರು ಸೋಲು, ಒಂದು ಗೆಲುವು

ವಿಲಿಯಂ ಪ್ರಾಕ್ಸ್‌ಮೈರ್ ಜನಿಸಿದ್ದು 1915ರ ನವೆಂಬರ್ 11ರಂದು, ಇಲಿನಾಯ್ ರಾಜ್ಯದ ಲೇಕ್ ಫಾರೆಸ್ಟ್ ಎಂಬ ಊರಿನಲ್ಲಿ. ತಂದೆ ವೈದ್ಯರು; ಮನೆಯಲ್ಲಿ ಅನುಕೂಲವಿದ್ದಿತು. ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾನಿಲಯಗಳಲ್ಲಿ ಓದಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಗುಪ್ತಚಾರ ವಿಭಾಗದಲ್ಲಿ ಕೆಲಸ ಮಾಡಿ, ಬಳಿಕ ವಿಸ್ಕಾನ್ಸಿನ್ನಿನ ರಾಜಧಾನಿ ಮ್ಯಾಡಿಸನ್ನಿಗೆ ಪತ್ರಿಕಾ ವರದಿಗಾರರಾಗಿ ಬಂದರು. ಆ ಕೆಲಸ ಅವರಿಗೆ ಬಹುಕಾಲ ದಕ್ಕಲಿಲ್ಲ. 1950ರಲ್ಲಿ ರಾಜ್ಯದ ವಿಧಾನಸಭೆಗೆ ಆರಿಸಿಬಂದರು.

ಮುಂದೆ ಬಂದುದು ಸೋಲಿನ ಸರಮಾಲೆ. ರಾಜ್ಯಪಾಲರ ಪದವಿಗೆ ಅಲ್ಲಿ ಚುನಾವಣೆ ನಡೆಯುತ್ತದೆ. ಡೆಮೊಕ್ರಾಟಿಕ್ ಪಕ್ಷದ ಅಭ್ಯರ್ಥಿಯಾಗಿ 1952ರಲ್ಲಿ ನಿಂತರು, ಸೋತರು. 1954ರಲ್ಲಿ ನಿಂತರು, ಸೋತರು. 1956ರಲ್ಲಿ ಮೂರನೆಯ ಬಾರಿಯೂ ಸೋತರು. ಇವರ ರಾಜಕೀಯ ಇಲ್ಲಿಗೆ ಮುಗಿಯಿತೆಂದು ಎಣಿಸಿದವರು ಅನೇಕರು. ಅಷ್ಟರಲ್ಲಿ, ತನ್ನ ಆಪಾದನೆಗಳಿಂದ ದೇಶವನ್ನೇ ತಲ್ಲಣಗೊಳಿಸಿದ್ದ ವಿಸ್ಕಾನ್ಸಿನ್ನಿನ ಸೆನೆಟರ್ ಜೋಸೆಫ್ ಮೆಕಾರ್ಥಿ 1957ರ ಮೇ ತಿಂಗಳಲ್ಲಿ ತೀರಿಕೊಂಡನು. ತೆರವಾದ ಸ್ಥಾನಕ್ಕೆ ಆಗಸ್ಟಿನಲ್ಲಿ ನಡೆದ ಉಪಚುನಾವಣೆಯಲ್ಲಿ ಪ್ರಾಕ್ಸ್‌ಮೈರ್ ಗೆದ್ದರು. ಅವರು ಸೋಲಿಸಿದ್ದು, ತಮ್ಮನ್ನು ಎರಡು ಬಾರಿ ಸೋಲಿಸಿದ್ದ ವಾಲ್ಟರ್ ಕೋಲರ್ ಅವರನ್ನೇ!

ಮೂರು ಸೋಲುಗಳು ಅವರಿಗೆ ಒಂದು ಪಾಠ ಕಲಿಸಿದ್ದವು. ಮತದಾರನನ್ನು ಕಾಣಲು ಚುನಾವಣೆ ಬರುವವರೆಗೆ ಕಾಯಬಾರದು. ಸೆನೆಟರ್ ಆದ ಮೇಲೆಯೂ ಅವರು ರಾಜಧಾನಿಯಿಂದ ಮೇಲಿಂದ ಮೇಲೆ ತಮ್ಮ ರಾಜ್ಯಕ್ಕೆ ಹೋಗಿ, ಕಾರ್ಖಾನೆಯ ಬಾಗಿಲುಗಳಲ್ಲಿ, ರಾಜ್ಯದ ಜಾತ್ರೆಯಲ್ಲಿ, ಗ್ರೀನ್ ಬೇ ತಂಡದ ಫುಟ್‌ಬಾಲ್ ಪಂದ್ಯದ ಮೈದಾನದ ಹೊರಗೆ ನಿಂತು ಬಂದವರ ಕೈ ಕುಲುಕುತ್ತಿದ್ದರು. ಚುನಾವಣೆಯ ವರ್ಷವೆಂದಿಲ್ಲ, ಅಲ್ಲದ ವರ್ಷವೆಂದಿಲ್ಲ. ವಿಸ್ಕಾನ್ಸಿನ್ನಿನಲ್ಲಿ ಅವರ ಕೈ ಮುಟ್ಟದವರೇ ಅಪರೂಪವೆಂಬ ಮಾತು ಹುಟ್ಟಿಕೊಂಡಿತು.

ಹೆಸರು ಕೂಗಿದಾಗ

ಸೆನೆಟ್ಟಿನಲ್ಲಿ ಮುಖ್ಯ ವಿಷಯಗಳ ಮೇಲೆ ಮತ ಪಡೆಯುವ ಕ್ರಮ ಹಳೆಯದು. ಗಂಟೆ ಬಾರಿಸುತ್ತದೆ, ಕಚೇರಿಗಳಲ್ಲಿಯೂ ಸಮಿತಿಯ ಕೊಠಡಿಗಳಲ್ಲಿಯೂ ಇರುವ ಸದಸ್ಯರು ಸಭಾಂಗಣಕ್ಕೆ ಧಾವಿಸುತ್ತಾರೆ, ಗುಮಾಸ್ತನು ಅಕ್ಷರಾನುಕ್ರಮದಲ್ಲಿ ಒಂದೊಂದೇ ಹೆಸರನ್ನು ಕೂಗುತ್ತಾನೆ. ಸದಸ್ಯನು 'ಹೌದು' ಅಥವಾ 'ಇಲ್ಲ' ಎನ್ನಬೇಕು. ಅದು ಅವನ ಹೆಸರಿನ ಎದುರು ಶಾಶ್ವತವಾಗಿ ದಾಖಲಾಗುತ್ತದೆ. ಹಾಜರಿದ್ದವರಲ್ಲಿ ಐದನೆಯ ಒಂದು ಪಾಲು ಸದಸ್ಯರು ಕೇಳಿದರೆ ಹೀಗೆ ಮತ ದಾಖಲಿಸಲೇಬೇಕೆಂದು ಅಮೆರಿಕೆಯ ಸಂವಿಧಾನವೇ ವಿಧಿಸಿದೆ.

ಇದರ ಮಹತ್ವವನ್ನು ಅರಿಯಬೇಕಾದರೆ ಭಾರತದ ಪದ್ಧತಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಲೋಕಸಭೆಯಲ್ಲಿ ಬಹುತೇಕ ತೀರ್ಮಾನಗಳು ಧ್ವನಿಮತದಿಂದ ಆಗುತ್ತವೆ. ಯಾರು ಹೌದೆಂದರು, ಯಾರು ಇಲ್ಲವೆಂದರು ಎಂಬುದು, ಸದಸ್ಯರು ಮತವಿಭಜನೆಯನ್ನು ಕೇಳಿದ ಹೊರತು, ದಾಖಲೆಗೆ ಬರುವುದಿಲ್ಲ. ಮೇಲಾಗಿ 1985ರ ಪಕ್ಷಾಂತರ ನಿಷೇಧದ ತಿದ್ದುಪಡಿಯ ತರುವಾಯ, ಪಕ್ಷದ ಸಚೇತಕರ ಆಜ್ಞೆಯನ್ನು ಮೀರಿ ಮತ ಕೊಟ್ಟವನು ಸದಸ್ಯತ್ವವನ್ನೇ ಕಳೆದುಕೊಳ್ಳಬೇಕಾದೀತು. ಅಮೆರಿಕೆಯಲ್ಲಿ ಅಂಥ ನಿರ್ಬಂಧವಿಲ್ಲ. ಅಲ್ಲಿನ ಸೆನೆಟರನ ಮತ ಅವನ ಸ್ವಂತದ್ದು. ಅದರ ಹೊಣೆಯೂ ಅವನದೇ. ಆದ್ದರಿಂದಲೇ ಅಲ್ಲಿ ಮತಗಳ ದಾಖಲೆಯನ್ನು ಪ್ರತಿನಿಧಿಯ ಜಾತಕವೆಂಬಂತೆ ಓದುತ್ತಾರೆ.

ಪ್ರಾಕ್ಸ್‌ಮೈರ್ ಅವರಿಗಿಂತ ಮುಂಚೆ ಈ ವಿಷಯದಲ್ಲಿ ಹೆಸರಾಗಿದ್ದವರು ಮೇನ್ ರಾಜ್ಯದ ಮಾರ್ಗರೆಟ್ ಚೇಸ್ ಸ್ಮಿತ್ ಎಂಬ ಮಹಿಳೆ. ಹದಿಮೂರು ವರ್ಷಗಳಲ್ಲಿ ಸತತವಾಗಿ 2,941 ಬಾರಿ ಮತ ಕೊಟ್ಟಿದ್ದ ಅವರ ಸಾಲು 1968ರಲ್ಲಿ, ಸೊಂಟದ ಶಸ್ತ್ರಚಿಕಿತ್ಸೆಯ ಕಾರಣದಿಂದ ಮುರಿಯಿತು. ಪ್ರಾಕ್ಸ್‌ಮೈರ್ ಅದರ ಮೂರೂವರೆಯಷ್ಟು ದೂರ ಸಾಗಿದರು. ವರ್ಷಕ್ಕೆ ಸರಾಸರಿ ನಾನೂರೈವತ್ತಕ್ಕೂ ಹೆಚ್ಚು ಮತಗಳು. ನೆಗಡಿ, ಜ್ವರ, ಹಿಮಪಾತ, ಮನೆಯ ಸುಖದುಃಖ ಯಾವುದೂ ಈ ಇಪ್ಪತ್ತೆರಡು ವರ್ಷಗಳಲ್ಲಿ ಆ ಸಾಲನ್ನು ಕಡಿಯಲಿಲ್ಲ. ಮನೆಯಿಂದ ಸಂಸತ್ ಭವನಕ್ಕೆ ಅವರು ದಿನವೂ ಸುಮಾರು ಐದು ಮೈಲಿ ಓಡಿಕೊಂಡು ಬರುತ್ತಿದ್ದರೆಂಬುದನ್ನು ನೆನೆದರೆ ಆ ದೇಹದ ಕಟ್ಟು ಎಂಥದೆಂಬುದು ತಿಳಿದೀತು.

ಹಾಜರಿಯ ಶಿಸ್ತು ಒಳ್ಳೆಯದೇ. ಆದರೆ ಒಂದು ಮತದಿಂದ ಆಗುವುದೇನು? 1971ರ ಆಗಸ್ಟಿನಲ್ಲಿ ಲಾಕ್‌ಹೀಡ್ ವಿಮಾನ ಕಂಪನಿ ದಿವಾಳಿಯ ಅಂಚಿಗೆ ಬಂದು ನಿಂತಿದ್ದಿತು. ಅದು ಪಡೆಯುವ 25 ಕೋಟಿ ಡಾಲರುಗಳ ಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲಬೇಕೆಂಬ ಮಸೂದೆ ಸೆನೆಟ್ಟಿನ ಮುಂದೆ ಬಂದಿತು. ಖಾಸಗಿ ಕಂಪನಿಯ ತಪ್ಪಿಗೆ ತೆರಿಗೆದಾರನೇಕೆ ಹೊಣೆಯಾಗಬೇಕೆಂದು ಪ್ರಾಕ್ಸ್‌ಮೈರ್ ಪಟ್ಟುಹಿಡಿದು ಹೋರಾಡಿದರು. ಪರವಾಗಿ 49 ಮತ, ವಿರೋಧವಾಗಿ 48. ಒಬ್ಬನೇ ಒಬ್ಬ ಸದಸ್ಯ ಅತ್ತಣಿಂದ ಇತ್ತ ಬಂದಿದ್ದರೆ ಮಸೂದೆ ಬಿದ್ದುಹೋಗುತ್ತಿದ್ದಿತು. ಅದೇ ವರ್ಷದ ಮಾರ್ಚಿನಲ್ಲಿ, ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕ ವಿಮಾನಕ್ಕೆ ಸರ್ಕಾರ ಹಣ ಕೊಡಬಾರದೆಂಬ ಅವರ ವಾದಕ್ಕೆ 51 ಮತಗಳು ಬಂದು ಗೆಲುವು ಲಭಿಸಿದ್ದಿತು. ಎದುರು ಬಿದ್ದವು 46. ಇಂತಹ ಸಭೆಯಲ್ಲಿ ಒಂದು ಗೈರುಹಾಜರಿಯೂ ಹಗುರವಾದುದಲ್ಲ.

ಹಣ ಬೇಡವೆನ್ನುವ ಖರ್ಚು

ಈಗ ಹಣದ ಮಾತು. ವಾಟರ್‌ಗೇಟ್ ಹಗರಣದ ಕೊಳೆಯನ್ನು ಕಂಡು ಬೇಸತ್ತ ಅಮೆರಿಕೆಯ ಸಂಸತ್ತು 1974ರಲ್ಲಿ ಚುನಾವಣಾ ಹಣಕ್ಕೆ ಕಟ್ಟುನಿಟ್ಟಾದ ಮಿತಿಗಳನ್ನು ವಿಧಿಸಿತು. ಒಬ್ಬನು ಅಭ್ಯರ್ಥಿಗೆ ಎಷ್ಟು ಕೊಡಬಹುದು, ಅಭ್ಯರ್ಥಿ ಎಷ್ಟು ಖರ್ಚು ಮಾಡಬಹುದು ಎಂಬ ಎರಡಕ್ಕೂ ಮೇರೆ ಹಾಕಲಾಯಿತು. 1976ರ ಜನವರಿ 30ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಕೊಡುವುದರ ಮಿತಿಯನ್ನು ಎತ್ತಿಹಿಡಿದು, ಖರ್ಚಿನ ಮಿತಿಯನ್ನು ತೆಗೆದುಹಾಕಿತು. ಹಣ ವ್ಯಯಿಸಿ ತನ್ನ ಮಾತನ್ನು ಸಾರುವುದು ವಾಕ್‌ಸ್ವಾತಂತ್ರ್ಯದ ಭಾಗವೆಂಬುದು ಅದರ ತೀರ್ಪು. ಅಣೆಕಟ್ಟಿನ ಒಂದು ಬಾಗಿಲು ತೆರೆದಂತಾಯಿತು.

ಅದೇ 1976ರ ನವೆಂಬರಿನಲ್ಲಿ ಪ್ರಾಕ್ಸ್‌ಮೈರ್ ಮತ್ತೆ ಚುನಾವಣೆಗೆ ನಿಂತಿದ್ದರು. ಎಷ್ಟು ಬೇಕಾದರೂ ಖರ್ಚು ಮಾಡಬಹುದೆಂದು ನ್ಯಾಯಾಲಯ ಹೇಳಿದ ವರ್ಷದಲ್ಲಿ ಅವರು ಖರ್ಚು ಮಾಡಿದ್ದು 177 ಡಾಲರು ಮತ್ತು ಸ್ವಲ್ಪ ಚಿಲ್ಲರೆ! ನೂರಕ್ಕೆ ಎಪ್ಪತ್ತೆರಡು ಮತದಾರರು ಅವರಿಗೇ ಮತವಿತ್ತರು. 1982ರ ಲೆಕ್ಕವನ್ನು ಇದಕ್ಕೆ ಕೂಡಿಸಿದರೂ ಎರಡು ಚುನಾವಣೆಗಳ ಒಟ್ಟು ಖರ್ಚು 325 ಡಾಲರು ಮುಟ್ಟುವುದಿಲ್ಲ. ಅದೂ ಅವರ ಸ್ವಂತ ಜೇಬಿನದು. ಬೇರೆಯವರಿಂದ ಒಂದು ಕಾಸನ್ನೂ ಪಡೆಯಲಿಲ್ಲ.

ಈ ಅಲ್ಪ ಮೊತ್ತವಾದರೂ ಏತಕ್ಕೆ ವ್ಯಯವಾಯಿತು? ಸ್ವಲ್ಪ ಭಾಗ ನಾಮಪತ್ರದ ಸಂಬಂಧದ್ದು. ಉಳಿದುದು ಅಂಚೆಯ ವೆಚ್ಚ. ಅಭಿಮಾನಿಗಳು ಕೇಳದೆಯೇ ಕಳುಹಿಸಿದ ವಂತಿಗೆಯ ಚೆಕ್ಕುಗಳನ್ನು ಹಿಂದಕ್ಕೆ ಕಳುಹಿಸಲು ಅಂಚೆಚೀಟಿ ಬೇಕಷ್ಟೆ! ಹಣ ಬೇಡವೆನ್ನಲು ತಗುಲಿದ ಖರ್ಚೇ ಅವರ ಚುನಾವಣೆಯ ಖರ್ಚಾಯಿತು.

ಇದು ಬರಿಯ ವಿನೋದದ ಸಂಗತಿಯಲ್ಲ. 1975ರಿಂದ 1981ರವರೆಗೆ, ಮತ್ತೆ 1987ರಿಂದ ಎರಡು ವರ್ಷ, ಪ್ರಾಕ್ಸ್‌ಮೈರ್ ಸೆನೆಟ್ಟಿನ ಬ್ಯಾಂಕಿಂಗ್ ಸಮಿತಿಯ ಅಧ್ಯಕ್ಷರಾಗಿದ್ದರು. ದೇಶದ ಬ್ಯಾಂಕುಗಳು, ಸಾಲ ಕೊಡುವ ಸಂಸ್ಥೆಗಳು, ಮನೆ ಕಟ್ಟಿಸುವ ಉದ್ಯಮಗಳು, ಇವೆಲ್ಲಕ್ಕೂ ಸಂಬಂಧಿಸಿದ ಮಸೂದೆಗಳು ಆ ಸಮಿತಿಯ ಮುಂದೆ ಬರುತ್ತವೆ. ಅಂಥ ಪೀಠದಲ್ಲಿ ಕುಳಿತವನು ಕೈಚಾಚಬೇಕಾಗಿಯೂ ಇಲ್ಲ. ಚಾಚಿದರೆ ತುಂಬಿಸುವವರು ತಾವಾಗಿಯೇ ಬಾಗಿಲಿಗೆ ಬರುತ್ತಾರೆ. ಪ್ರಾಕ್ಸ್‌ಮೈರ್ ಅವರು ಮಾಡಿಸಿದ ಕಾಯಿದೆಗಳಾದರೋ ಸಾಲ ಕೊಡುವವರಿಗಿಂತ ಪಡೆಯುವವರ ಪಕ್ಷದವು. ಸಾಲದ ನಿಜವಾದ ಬಡ್ಡಿ ಎಷ್ಟೆಂಬುದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ 1968ರ ಕಾಯಿದೆಗಾಗಿ ಅವರು ಶ್ರಮಿಸಿದರು. ಆ ಬಳಿಕ ಬಂದುದು ಸಾಲಗಾರನ ಬಗ್ಗೆ ಸಂಗ್ರಹಿಸಿದ ವಿವರಗಳಲ್ಲಿನ ತಪ್ಪನ್ನು ತಿದ್ದಿಸುವ ಹಕ್ಕು ಕೊಡುವ 1970ರ ಕಾಯಿದೆ. ಬಡವರ ಬಡಾವಣೆಗಳಿಂದ ಠೇವಣಿ ಪಡೆವ ಬ್ಯಾಂಕು ಅಲ್ಲಿನವರಿಗೂ ಸಾಲ ಕೊಡಬೇಕೆಂಬ ಉದ್ದೇಶದ 1977ರ ಕಾಯಿದೆಯೂ ಅವರದೇ ಮುಂದಾಳುತನದ ಫಲ.

ಲಾಕ್‌ಹೀಡ್ ಕಥೆಗೂ ಒಂದು ಉತ್ತರಕಾಂಡವುಂಟು. ಸರ್ಕಾರದ ಜಾಮೀನಿನಿಂದ ಬದುಕಿ ಉಳಿದ ಆ ಕಂಪನಿ ತನ್ನ ವಿಮಾನಗಳನ್ನು ಮಾರಲು ಪರದೇಶಗಳ ಅಧಿಕಾರಸ್ಥರಿಗೆ ಲಂಚ ಕೊಟ್ಟಿದ್ದುದು ಕೆಲವೇ ವರ್ಷಗಳಲ್ಲಿ ಬಯಲಾಯಿತು. ಜಪಾನಿನ ಮಾಜಿ ಪ್ರಧಾನಿ ಕಾಕುಯೆಯಿ ತನಾಕಾ 1976ರಲ್ಲಿ ಬಂಧನಕ್ಕೊಳಗಾದದ್ದು ಈ ಪ್ರಕರಣದಲ್ಲಿಯೇ. ಅಮೆರಿಕೆಯ ಕಂಪನಿಗಳು ಹೊರದೇಶದ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ಅಪರಾಧವೆಂದು ಸಾರಿದ 1977ರ ಕಾಯಿದೆ ರೂಪುಗೊಂಡದ್ದು ಪ್ರಾಕ್ಸ್‌ಮೈರ್ ಅವರ ಸಮಿತಿಯಲ್ಲಿ. ಒಂದು ಮತದಿಂದ ಸೋತವರು ಆರು ವರ್ಷ ಕಾದು ಬೇರೊಂದು ಬಗೆಯಲ್ಲಿ ಗೆದ್ದರೆನ್ನಬೇಕು.

3,211 ಭಾಷಣಗಳು

ಪಟ್ಟುಹಿಡಿದು ಕೂರುವ ಅವರ ಸ್ವಭಾವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿದೆ. ಹಿಟ್ಲರನ ಕೊಲೆಗಡುಕತನದಿಂದ ಲಕ್ಷಲಕ್ಷ ಯೆಹೂದ್ಯರು ಅಳಿದ ಮೇಲೆ, ಒಂದು ಜನಾಂಗವನ್ನೇ ನಾಶಮಾಡುವ ಕೃತ್ಯವನ್ನು ಅಪರಾಧವೆಂದು ಘೋಷಿಸುವ ಒಪ್ಪಂದವನ್ನು ವಿಶ್ವಸಂಸ್ಥೆ 1948ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಭಾರತ ಅದನ್ನು 1959ರಲ್ಲಿ ಸ್ಥಿರೀಕರಿಸಿತು. ಅಮೆರಿಕೆ ಸಹಿ ಹಾಕಿದ್ದರೂ, ಅಧ್ಯಕ್ಷ ಟ್ರೂಮನ್ 1949ರಲ್ಲಿ ಒಪ್ಪಿಗೆಗಾಗಿ ಕಳುಹಿಸಿದ ಆ ಕಡತ ಸೆನೆಟ್ಟಿನಲ್ಲಿ ಧೂಳು ತಿನ್ನುತ್ತ ಬಿದ್ದಿದ್ದಿತು.

1967ರ ಜನವರಿ 11ರಂದು ಪ್ರಾಕ್ಸ್‌ಮೈರ್ ಎದ್ದುನಿಂತು, ಈ ಒಪ್ಪಂದಕ್ಕೆ ಸಭೆ ಒಪ್ಪಿಗೆ ಕೊಡುವವರೆಗೂ ದಿನವೂ ಈ ವಿಷಯವನ್ನು ನೆನಪಿಸುವೆನೆಂದು ಸಾರಿದರು. ಕೇಳಿದವರು ಇದು ನಾಲ್ಕು ದಿನದ ಉತ್ಸಾಹವೆಂದುಕೊಂಡಿರಬಹುದು. ಸಭೆ ಸೇರಿದ ದಿನಗಳಲ್ಲೆಲ್ಲ ಅವರು ಎದ್ದು ಮಾತನಾಡಿದರು. ಹೇಳಿದ್ದನ್ನೇ ಹೇಳದೆ ಹೊಸ ಭಾಷಣವನ್ನೇ ಮಾಡಿದರು. ಜಾನ್ಸನ್ ಹೋದರು, ನಿಕ್ಸನ್ ಬಂದು ಹೋದರು, ಫೋರ್ಡ್, ಕಾರ್ಟರ್ ಬಂದು ಹೋದರು. ಕಡೆಗೆ 1986ರ ಫೆಬ್ರವರಿ 19ರಂದು 83 ಮತಗಳ ಬೆಂಬಲದಿಂದ, 11 ಮತಗಳ ವಿರೋಧದ ನಡುವೆ, ಸೆನೆಟ್ ಆ ಒಪ್ಪಂದಕ್ಕೆ ಸಮ್ಮತಿಯಿತ್ತಿತು. ಅಷ್ಟರಲ್ಲಿ ಅವರ ಭಾಷಣಗಳ ಸಂಖ್ಯೆ 3,211 ಆಗಿದ್ದಿತು. ಒಪ್ಪಂದವನ್ನು ಆಚರಣೆಗೆ ತರುವ 1988ರ ಕಾಯಿದೆಗೆ ಪ್ರಾಕ್ಸ್‌ಮೈರ್ ಕಾಯಿದೆ ಎಂಬ ಹೆಸರೇ ಬಿದ್ದಿದೆ.

ಈ ಭಾಷಣಗಳಿಂದ ಅವರಿಗೆ ಓಟು ಹೆಚ್ಚುವ ಹಾಗಿರಲಿಲ್ಲ. ಯಾವ ಉದ್ಯಮಿಯೂ ಇದಕ್ಕಾಗಿ ವಂತಿಗೆ ಕೊಡುತ್ತಿರಲಿಲ್ಲ. ಸಾಲ ತೀರಿಸಬೇಕಾದ ಒತ್ತಡವಿಲ್ಲದವನಿಗೆ ಮಾತ್ರ ಹತ್ತೊಂಬತ್ತು ವರ್ಷಗಳ ಕಾಲ ಹೀಗೊಂದು ಮಾತನ್ನು ಬೆನ್ನಟ್ಟುವ ಬಿಡುವು ದೊರೆತೀತು.

ಲೆಕ್ಕದ ಇನ್ನೊಂದು ಮಗ್ಗುಲು

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಅದು ಸ್ತುತಿಯಾದೀತೇ ಹೊರತು ಚಿತ್ರವಾಗದು.

1975ರ ಮಾರ್ಚಿನಿಂದ ಪ್ರಾಕ್ಸ್‌ಮೈರ್ ತಿಂಗಳಿಗೊಂದು 'ಚಿನ್ನದ ಉಣ್ಣೆ' ಪ್ರಶಸ್ತಿಯನ್ನು ಘೋಷಿಸಲಾರಂಭಿಸಿದರು. ಹೆಸರು ಗ್ರೀಕ್ ಪುರಾಣದ್ದು; ವ್ಯಂಗ್ಯ ಅವರದು. ಕುರಿಯ ಉಣ್ಣೆ ಕತ್ತರಿಸಿದಂತೆ ತೆರಿಗೆದಾರನ ತಲೆ ಬೋಳಿಸಿದ ಸರ್ಕಾರಿ ಇಲಾಖೆಗೆ ಈ ಬಹುಮಾನ! ಮೊದಲ ಪ್ರಶಸ್ತಿ, ಜನ ಏಕೆ ಪ್ರೇಮಪಾಶಕ್ಕೆ ಸಿಲುಕುತ್ತಾರೆಂಬುದನ್ನು ಅರಿಯಲು 84,000 ಡಾಲರು ಮಂಜೂರು ಮಾಡಿದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಸಂದಿತು. ಪತ್ರಿಕೆಗಳು ನಕ್ಕವು; ಜನರೂ ನಕ್ಕರು. ಆದರೆ ವಿಜ್ಞಾನಿಗಳಿಗೆ ನಗು ಬರಲಿಲ್ಲ. ಶೀರ್ಷಿಕೆ ಹಾಸ್ಯಾಸ್ಪದವಾಗಿ ಕಂಡ ಮಾತ್ರಕ್ಕೆ ಸಂಶೋಧನೆ ವ್ಯರ್ಥವೆನ್ನುವುದು ನ್ಯಾಯವೇ ಎಂದು ಅವರು ಕೇಳಿದರು.

ಕೋತಿಗಳ ಸಿಟ್ಟನ್ನು ಕುರಿತು ಸಂಶೋಧಿಸುತ್ತಿದ್ದ ರೊನಾಲ್ಡ್ ಹಚಿನ್ಸನ್ ಎಂಬ ವಿಜ್ಞಾನಿ, ತನ್ನ ಮಾನ ಹೋಯಿತೆಂದು ಸೆನೆಟರನ ಮೇಲೆ ಮೊಕದ್ದಮೆ ಹೂಡಿದನು. ಸಭೆಯೊಳಗೆ ಆಡಿದ ಮಾತಿಗೆ ರಕ್ಷಣೆಯುಂಟು, ಸುದ್ದಿಪತ್ರಗಳಲ್ಲಿಯೂ ಪತ್ರಿಕಾ ಪ್ರಕಟಣೆಗಳಲ್ಲಿಯೂ ಹೇಳಿದ್ದಕ್ಕೆ ಆ ರಕ್ಷಣೆ ಇಲ್ಲವೆಂದು 1979ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪ್ರಾಕ್ಸ್‌ಮೈರ್ ತಮ್ಮ ಜೇಬಿನಿಂದ 10,000 ಡಾಲರು ತೆತ್ತು ರಾಜಿಯಾಗಬೇಕಾಯಿತು. ವಕೀಲರ ಶುಲ್ಕ ಒಂದು ಲಕ್ಷ ಡಾಲರನ್ನು ಮೀರಿದ್ದಿತು. ಅದನ್ನು ಭರಿಸಿದ್ದು ಸೆನೆಟ್, ಅರ್ಥಾತ್ ತೆರಿಗೆದಾರ! ದುಂದುವೆಚ್ಚದ ವೈರಿಯ ಲೆಕ್ಕದಲ್ಲಿ ಹೀಗೊಂದು ಖರ್ಚು ಬಂದು ಕುಳಿತಿತು.

ತಪ್ಪನ್ನು ಒಪ್ಪಿಕೊಳ್ಳುವ ಗುಣವೂ ಅವರಲ್ಲಿದ್ದಿತು. ಬೇರೆ ಲೋಕಗಳಲ್ಲಿ ಬುದ್ಧಿಜೀವಿಗಳಿರಬಹುದೇ ಎಂದು ಆಕಾಶದ ರೇಡಿಯೋ ಅಲೆಗಳನ್ನು ಆಲಿಸುವ ಯೋಜನೆಯನ್ನು ಅವರು ಹಾಸ್ಯ ಮಾಡಿ, 1981ರಲ್ಲಿ ಅದರ ಹಣವನ್ನೂ ನಿಲ್ಲಿಸಿದ್ದರು. ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಬಂದು ವಿವರಿಸಿದ ಬಳಿಕ ತಮ್ಮ ವಿರೋಧವನ್ನು ಹಿಂದಕ್ಕೆ ಪಡೆದರು.

ಇನ್ನೊಂದು ಟೀಕೆ ಇದಕ್ಕಿಂತ ಹರಿತವಾದುದು. ವಿಸ್ಕಾನ್ಸಿನ್ ಹಾಲಿನ ನಾಡು. ಅಲ್ಲಿನ ಕಾರುಗಳ ನಂಬರ್ ಫಲಕಗಳ ಮೇಲೂ ಆ ಬಿರುದನ್ನೇ ಬರೆದಿರುತ್ತಾರೆ. ಹಾಲು, ಬೆಣ್ಣೆಗಳ ಬೆಲೆ ಬೀಳದಂತೆ ಸರ್ಕಾರ ಕೊಡುವ ಬೆಂಬಲಧನವನ್ನು ಪ್ರಾಕ್ಸ್‌ಮೈರ್ ಸದಾ ಸಮರ್ಥಿಸಿದರು. ವಿಜ್ಞಾನಿಯ ಸಾವಿರಗಳು ಕಂಡ ಕಣ್ಣಿಗೆ ತಮ್ಮ ರೈತರ ಕೋಟಿಗಳು ಕಾಣಲಿಲ್ಲವೇ ಎಂದು ಕೇಳಿದವರುಂಟು. ವಂತಿಗೆ ಕೊಡುವವನ ಹಂಗಿಲ್ಲದಿದ್ದರೂ ಮತ ಕೊಡುವವನ ಹಂಗು ತಪ್ಪಲಿಲ್ಲ. ಅದು ದೋಷವೋ, ಪ್ರತಿನಿಧಿಯ ಧರ್ಮವೋ ಎಂಬುದು ಬೇರೆ ಚರ್ಚೆ. ಎಷ್ಟು ಮತಗಳನ್ನು ಕೊಟ್ಟನೆಂಬ ಸಂಖ್ಯೆಯಿಂದ ಹೇಗೆ ಕೊಟ್ಟನೆಂಬುದು ತಿಳಿಯುವುದಿಲ್ಲವೆಂಬುದಂತೂ ಇದರಿಂದ ಸ್ಪಷ್ಟ.

ಅವರ ಆಸನಕ್ಕೆ ಬಂದವರು

1987ರಲ್ಲಿ, ಎಪ್ಪತ್ತೊಂದರ ಪ್ರಾಯದಲ್ಲಿ, ಮತ್ತೆ ಸ್ಪರ್ಧಿಸುವುದಿಲ್ಲವೆಂದು ಪ್ರಾಕ್ಸ್‌ಮೈರ್ ತಿಳಿಸಿದರು. ಆ ಸ್ಥಾನಕ್ಕೆ 1988ರಲ್ಲಿ ಆರಿಸಿಬಂದವರು ಅದೇ ಪಕ್ಷದ ಹರ್ಬ್ ಕೋಲ್. ಅಂಗಡಿಗಳ ಸಾಲನ್ನೇ ನಡೆಸಿದ ಮನೆತನದವರು, ಮಿಲ್ವಾಕಿಯ ಬಾಸ್ಕೆಟ್‌ಬಾಲ್ ತಂಡದ ಒಡೆಯರು. ಆ ಒಂದು ಚುನಾವಣೆಗೆ ಅವರು ತಮ್ಮ ಸ್ವಂತ ಹಣದಿಂದ ಹತ್ತಾರು ಲಕ್ಷ ಡಾಲರುಗಳನ್ನು ಸುರಿದರು. ತಮ್ಮ ದುಡ್ಡನ್ನೇ ಖರ್ಚು ಮಾಡಿ ಗೆದ್ದವನು ಯಾರಿಗೂ ಋಣಿಯಲ್ಲ, ಮತದಾರರಿಗೆ ಮಾತ್ರ ಸೇರಿದವನು ಎಂಬುದೇ ಅವರ ಪ್ರಚಾರದ ಘೋಷಣೆಯ ಸಾರ.

ಸ್ವಾತಂತ್ರ್ಯದ ಗುರಿ ಒಂದೇ, ದಾರಿಗಳು ಎರಡು. ಒಬ್ಬರು ಏನನ್ನೂ ಖರ್ಚು ಮಾಡದೆ ನಿಶ್ಚಿಂತರಾದರು, ಇನ್ನೊಬ್ಬರು ಎಲ್ಲವನ್ನೂ ತಾವೇ ಖರ್ಚು ಮಾಡಿ. ಮನೆತನದ ಸಿರಿಯೂ ಇಲ್ಲದ, ಇಪ್ಪತ್ತು ವರ್ಷಗಳ ಪರಿಚಯವೂ ಇಲ್ಲದ ಹೊಸಬನು ಏನು ಮಾಡಬೇಕು? ಪ್ರಾಕ್ಸ್‌ಮೈರ್ ಕೂಡ ಮೊದಲ ಚುನಾವಣೆಗಳನ್ನು ಬರಿಗೈಯಲ್ಲಿ ಗೆದ್ದವರಲ್ಲ. 145 ಡಾಲರಿನ ಗೆಲುವಿನ ಹಿಂದೆ ಇಪ್ಪತ್ತೈದು ವರ್ಷಗಳ ಕೈಕುಲುಕಾಟವಿದ್ದಿತು, ತಪ್ಪದ ಹಾಜರಿಯಿದ್ದಿತು, ತಿಂಗಳಿಗೊಮ್ಮೆ ಪತ್ರಿಕೆಗಳಲ್ಲಿ ಬರುವ ಹೆಸರಿದ್ದಿತು. ಆ ಬಂಡವಾಳದ ಮುಂದೆ ಎದುರಾಳಿಯ ಜಾಹೀರಾತು ಏನು ಮಾಡೀತು? ಆ ಬಂಡವಾಳವನ್ನು ಯಾರೂ ಸಾಲವಾಗಿ ಕೊಡರು; ಉಯಿಲು ಬರೆದು ಬಿಟ್ಟುಹೋಗಲೂ ಬಾರದು.

ಅಮೆರಿಕೆಯಲ್ಲಿ ಹಣದ ಹೊನಲು ಆಮೇಲೆ ಹೆಚ್ಚುತ್ತಲೇ ಬಂದಿದೆ. ಕಂಪನಿಗಳೂ ಸಂಘಗಳೂ ಸ್ವತಂತ್ರವಾಗಿ ಎಷ್ಟಾದರೂ ಖರ್ಚು ಮಾಡಬಹುದೆಂದು 2010ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಭಾರತದಲ್ಲಿಯೂ ಈ ಪ್ರಶ್ನೆ ಪರಕೀಯವಲ್ಲ. ಇಲ್ಲಿ ಅಭ್ಯರ್ಥಿಯ ಖರ್ಚಿಗೆ ಮಿತಿಯುಂಟು, ಪಕ್ಷದ ಖರ್ಚಿಗೆ ಇಲ್ಲ. ಕೊಟ್ಟವರ ಹೆಸರನ್ನು ಮತದಾರನಿಂದ ಮರೆಮಾಡಿದ್ದ ಚುನಾವಣಾ ಬಾಂಡುಗಳನ್ನು 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು. ಯಾರು ಕೊಟ್ಟರು, ಪಡೆದವನು ಸಭೆಯಲ್ಲಿ ಹೇಗೆ ಮತವಿತ್ತನು ಎಂಬ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ಹಕ್ಕು ಮತದಾರನಿಗೆ ಬೇಕು. ಒಂದು ಪಟ್ಟಿ ಮಾತ್ರ ಕೈಗೆ ಸಿಕ್ಕರೆ ಅರ್ಧ ಕತೆ ಕೇಳಿದಂತೆಯೇ ಸರಿ.

ಪ್ರಾಕ್ಸ್‌ಮೈರ್ ಮರೆವಿನ ರೋಗದಿಂದ ನರಳಿ, 2005ರ ಡಿಸೆಂಬರ್ 15ರಂದು, ತೊಂಬತ್ತನೆಯ ವಯಸ್ಸಿನಲ್ಲಿ ಕಾಲವಾದರು. ಅಯೋವಾ ರಾಜ್ಯದ ಚಕ್ ಗ್ರಾಸ್ಲಿ 1993ರಿಂದ 2020ರ ನವೆಂಬರಿನವರೆಗೆ, ಕೊರೋನಾ ತಗುಲುವ ತನಕ, ಒಂದು ಮತವನ್ನೂ ತಪ್ಪಿಸದೆ ಕಾಲಾವಧಿಯಲ್ಲಿ ಅವರನ್ನು ಮೀರಿದರು. ಆದರೆ ಅವರ ಎಣಿಕೆ 8,927ಕ್ಕೆ ನಿಂತಿತು, 10,252ನ್ನು ಮುಟ್ಟಲಿಲ್ಲ.

ಪ್ರಾಕ್ಸ್‌ಮೈರ್ ಅವರ ಆ ದೊಡ್ಡ ಸಂಖ್ಯೆಯ ಒಂದೊಂದು ಮತದ ಮುಂದೆಯೂ ಅವರ ಹೆಸರಿದೆ. ಅದು ಸರಿಯೋ ತಪ್ಪೋ ಎಂದು ಯಾರು ಬೇಕಾದರೂ ತೂಗಿ ನೋಡಬಹುದು. ಚಿಕ್ಕ ಸಂಖ್ಯೆಯ ಮುಂದಾದರೋ ಕೊಟ್ಟವರ ಹೆಸರೇ ಇಲ್ಲ, ಹಿಂದಿರುಗಿಸಿದ ಚೆಕ್ಕುಗಳ ಅಂಚೆಯ ವೆಚ್ಚ ಮಾತ್ರ ಇದೆ.